ಕೋಲ್ಟನ ರಿವಾಲ್ವರು: ಒಂದು ಯಂತ್ರದ ವಂಶಾವಳಿ

ಮನೆತನಗಳಿಗಿರುವಂತೆ ಯಂತ್ರಗಳಿಗೂ ವಂಶಾವಳಿಯುಂಟು. ತಂದೆಯ ಮುಖಚಹರೆ ಮಗನಲ್ಲಿ ಕಾಣುವಂತೆ ಹಳೆಯ ಯಂತ್ರದ ರೂಪವು ಹೊಸದರಲ್ಲಿ ಉಳಿದು ಬರುತ್ತದೆ. ಹಳೆಯದರ ಕುಂದು ಹೊಸದರಲ್ಲಿ ತಿದ್ದಲ್ಪಡುತ್ತದೆ. ತಿದ್ದುವವರು ಯಾರು, ತಡೆಯುವವರು ಯಾರು ಎಂಬುದನ್ನು ಅಮೆರಿಕದ ಸ್ಯಾಮ್ಯುಯಲ್ ಕೋಲ್ಟನ ರಿವಾಲ್ವರನ್ನು ನಿದರ್ಶನವಾಗಿಟ್ಟುಕೊಂಡು ನಾವು ಈ ಹೊತ್ತು ವಿಚಾರ ಮಾಡೋಣ.

ಕೋಲ್ಟನಿಗೆ ಮುಂಚೆ ಸಾಮಾನ್ಯವಾದ ಪಿಸ್ತೂಲು ಒಂದು ಸಲ ಹಾರಿದರೆ ಬರಿದಾಗುತ್ತಿತ್ತು. ಆತನು 1836ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದ ಯಂತ್ರದಲ್ಲಿ ನಳಿಗೆ ಒಂದೇ. ಅದರ ಹಿಂದೆ ಹಲವು ಗೂಡುಗಳುಳ್ಳ ಸಿಲಿಂಡರು. ಕುದುರೆಯನ್ನು ಹಿಂದಕ್ಕೆಳೆದೊಡನೆ ಸಿಲಿಂಡರು ತಿರುಗಿ, ಹೊಸ ಗುಂಡೊಂದು ನಳಿಗೆಯ ನೇರಕ್ಕೆ ಬಂದು ನಿಲ್ಲುವುದು. ನ್ಯೂ ಜರ್ಸಿಯ ಪೇಟರ್ಸನ್ ಊರಿನಲ್ಲಿ ತಯಾರಾದ ಈ ಮೊದಲ ತಲೆಮಾರು ಐದು ಗುಂಡಿನದು, ಅಂಗಗಳು ನಾಜೂಕಾದುವು. ಕೊಳ್ಳುವವರು ಸಾಲದೆ 1842ರಲ್ಲಿ ಕಾರ್ಖಾನೆ ಮುಚ್ಚಿತು.

ಆದರೆ ಮಾರಾಟವಾದ ಕೆಲವು ಟೆಕ್ಸಾಸಿನ ರೇಂಜರ್ ಸವಾರರ ಕೈ ಸೇರಿದ್ದುವು. ಅವರಲ್ಲೊಬ್ಬನಾದ ಸ್ಯಾಮ್ಯುಯಲ್ ವಾಕರನು, ಕುದುರೆಯ ಮೇಲೆ ಕುಳಿತು ಕಾದುವವನಿಗೆ ಎಂಥದು ಬೇಕೆಂಬುದನ್ನು ಕೋಲ್ಟನಿಗೆ ತಿಳಿಸಿದನು. ಅದರ ಫಲವೇ 1847ರ ಆರು ಗುಂಡಿನ ವಾಕರ್ ಮಾದರಿ. ಸೈನ್ಯವು 1000 ರಿವಾಲ್ವರುಗಳನ್ನು ತರಿಸಿಕೊಂಡಿತು. ಒಂದೊಂದರ ತೂಕ ಸುಮಾರು ನಾಲ್ಕೂವರೆ ಪೌಂಡು! ಕೆಲವದರ ಸಿಲಿಂಡರುಗಳು ಒಡೆದುದೂ ಉಂಟು. ಅದೇ ವರ್ಷ ಮೆಕ್ಸಿಕೋ ಯುದ್ಧದಲ್ಲಿ ವಾಕರನು ಮಡಿದನು. ಅವನ ಹೆಸರಿನ ಮಾದರಿಯ ಕುಂದುಗಳು ಮುಂದೆ ಒಂದೊಂದಾಗಿ ತಿದ್ದಿದುವು. 1848ರ ಡ್ರಾಗೂನ್ ಮಾದರಿಯಲ್ಲಿ ಮದ್ದು ಹಿಡಿಯುವ ಗೂಡು ಚಿಕ್ಕದಾಯಿತು. 1851ರ ನೇವಿ ಮಾದರಿಯು ಸೊಂಟದಲ್ಲಿ ಧರಿಸುವಷ್ಟು ಹಗುರವಾಯಿತು. ಉತ್ತಮವಾದ ಉಕ್ಕು ದೊರೆತುದರಿಂದ 1860ರ ಆರ್ಮಿ ಮಾದರಿಯು ಆ ಹಗುರವನ್ನು ಬಿಡದೆಯೇ ದೊಡ್ಡ ಗುಂಡನ್ನು ಹಾರಿಸಬಲ್ಲುದಾಯಿತು.

ಇಷ್ಟಾದರೂ ಮೂಲದ ತೊಡಕೊಂದು ಉಳಿದೇ ಇತ್ತು. ಪ್ರತಿಯೊಂದು ಗೂಡಿಗೂ ಮುಂದಿನಿಂದ ಮದ್ದುಗುಂಡುಗಳನ್ನು ತುಂಬಿ, ಹಿಂದೆ ಕೇಪು ಸಿಕ್ಕಿಸಬೇಕು. ಇದಕ್ಕೆ ಪರಿಹಾರವು 1855ರಲ್ಲಿಯೇ ದೊರೆತಿತ್ತು. ಗೂಡುಗಳನ್ನು ಆರಪಾರ ಕೊರೆದು, ಹಿಂದಿನಿಂದ ತೋಟಾ ತುಂಬುವ ವಿಧಾನಕ್ಕೆ ರೋಲಿನ್ ವೈಟನು ಪೇಟೆಂಟು ಪಡೆದಿದ್ದನು. ಸ್ಮಿತ್ ಮತ್ತು ವೆಸನ್ ಎಂಬ ಪಾಲುಗಾರರು ರಿವಾಲ್ವರೊಂದಕ್ಕೆ 25 ಸೆಂಟಿನಂತೆ ಅವನಿಗೆ ತೆರುವ ಕರಾರು ಮಾಡಿಕೊಂಡು, 1857ರಿಂದ ಲೋಹದ ತೋಟಾದ ಸಣ್ಣ ರಿವಾಲ್ವರುಗಳನ್ನು ಮಾಡತೊಡಗಿದರು. ಸೈನ್ಯಕ್ಕೆ ಒಪ್ಪುವ ದೊಡ್ಡದನ್ನು ಅವರು ಆಗ ಮಾಡಲಿಲ್ಲ. ಇತರರು ಮಾಡಲು ಕಾನೂನು ಬಿಡಲಿಲ್ಲ. ಹೀಗಾಗಿ 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಬಹುಮಂದಿ ಸವಾರರು ಹಳೆಯ ಕೇಪಿನ ರಿವಾಲ್ವರುಗಳನ್ನೇ ಹಿಡಿದು ಹೋರಾಡಬೇಕಾಯಿತು. ವೈಟನಾದರೋ ತನ್ನ ಹಕ್ಕಿನ ರಕ್ಷಣೆಗಾಗಿ ನ್ಯಾಯಾಲಯಗಳಲ್ಲಿ ಹಣವನ್ನು ಕಳೆದನು. 1869ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಅವನಿಗೆ ಅನುಕೂಲವಾಗಿ ಕಾಂಗ್ರೆಸ್ಸು ಒಪ್ಪಿದ ಮಸೂದೆಯನ್ನು, ಅದೇ ಯುದ್ಧದಲ್ಲಿ ಸೇನಾಪತಿಯಾಗಿದ್ದ ಅಧ್ಯಕ್ಷ ಗ್ರಾಂಟನು 1870ರಲ್ಲಿ ತಿರಸ್ಕರಿಸಿದನು.

ಕೋಲ್ಟನು 1862ರಲ್ಲಿಯೇ ತೀರಿಕೊಂಡಿದ್ದನು. ಅವನ ಸಂಸ್ಥೆಯು ಸೈನ್ಯಕ್ಕೆ ಒದಗಿಸಿದ 1873ರ ಪ್ರಸಿದ್ಧ ಮಾದರಿಯಲ್ಲಿ ತೋಟಾ ಹಿಂದಿನಿಂದ ಹೋಗುತ್ತಿತ್ತು. ಆದರೆ ಕುದುರೆಯನ್ನು ಹೆಬ್ಬೆರಳಿನಿಂದ ಎಳೆಯುವ ಕ್ರಮ 1836ರದು. ಹಿಡಿಯ ಆಕಾರ 1851ರದು.

ಯಂತ್ರದ ಪ್ರಗತಿಯನ್ನು ಒಬ್ಬ ಮಹಾಪುರುಷನ ಬುದ್ಧಿಯ ನೇರ ದಾರಿಯೆಂದು ಬಣ್ಣಿಸುವುದು ವಾಡಿಕೆ. ಈ ವಂಶಾವಳಿಯು ಬೇರೊಂದನ್ನು ಹೇಳುತ್ತದೆ. ಸವಾರನ ಅನುಭವ, ಕುಲುಮೆಯ ಉಕ್ಕು, ನ್ಯಾಯಾಲಯದ ತೀರ್ಪು, ಇವೆಲ್ಲವೂ ಅದರಲ್ಲಿ ಪಾಲುಗೊಂಡಿವೆ. ಇದನ್ನು ಸುಧಾರಣೆಯೆಂದು ಕರೆಯುವಾಗ ಒಂದು ಮಾತನ್ನು ನಾವು ಮರೆಯಬಾರದು: 37 ವರ್ಷಗಳಲ್ಲಿ ಸುಧಾರಿಸಿದುದು ಕೊಲ್ಲುವ ಸಾಧನ. ಹಿಂದೆ ಎರಡು ಗುಂಡುಗಳ ನಡುವೆ ಮನುಷ್ಯನಿಗೆ ಯೋಚಿಸಲು ಇದ್ದ ಬಿಡುವನ್ನು ಆ ಸುಧಾರಣೆಯು ಕಡಿಮೆ ಮಾಡಿತು.