ನಾಗರಿಕ ಫಿಟ್‌ನೆಸ್ ಕಾರ್ಯಕ್ರಮ (ಅಮೆರಿಕದ ಭೂಸೇನೆ)

ಅಮೆರಿಕದ ಭೂಸೇನೆಯಲ್ಲಿ ಸಮವಸ್ತ್ರವಿಲ್ಲದೆ ದುಡಿಯುವವರಿಗೆ ಕಚೇರಿ ವೇಳೆಯಲ್ಲೇ, ಸಂಬಳ ಕಡಿತವಿಲ್ಲದೆ, ವ್ಯಾಯಾಮಕ್ಕೆ ಬಿಡುವು ಕೊಡುವ ವ್ಯವಸ್ಥೆ. ಅಲ್ಲಿನ ರಕ್ಷಣಾ ಇಲಾಖೆಯಲ್ಲಿ ನಾಗರಿಕ ನೌಕರರು ಸುಮಾರು 7 ಲಕ್ಷ. ಗುಮಾಸ್ತರು, ಎಂಜಿನಿಯರುಗಳು, ದಾದಿಯರು, ಅಲಬಾಮಾದ ಆನಿಸ್ಟನ್ ಡಿಪೋದಲ್ಲಿ ಟ್ಯಾಂಕ್ ದುರಸ್ತಿ ಮಾಡುವ ಮೆಕ್ಯಾನಿಕ್‌ಗಳು, ಎಲ್ಲರೂ ಈ ಲೆಕ್ಕದಲ್ಲಿ ಸೇರುತ್ತಾರೆ. ಸೈನಿಕನಿಗೆ ಕಸರತ್ತು ಕರ್ತವ್ಯದ ಭಾಗ. ಪಕ್ಕದ ಮೇಜಿನಲ್ಲೇ ಕೂರುವ ನಾಗರಿಕ ನೌಕರನಿಗೆ ಅದು ಅವನ ಸ್ವಂತ ವಿಷಯ. ಈ ಅಂತರವನ್ನು ಒಂದಿಷ್ಟು ತಗ್ಗಿಸುವುದೇ ಕಾರ್ಯಕ್ರಮದ ಉದ್ದೇಶ.

ಇದರ ಕಾನೂನು ಬೇರು 1946ರಷ್ಟು ಹಳೆಯದು. ನೌಕರರ ದೈಹಿಕ ಹಾಗೂ ಮಾನಸಿಕ ಆರೋಗ್ಯ ಕಾಪಾಡುವ ಸೇವೆಗಳನ್ನು ಏರ್ಪಡಿಸಲು ಆ ವರ್ಷದ ಕಾಯ್ದೆಯೊಂದು ಕೇಂದ್ರ ಸರ್ಕಾರದ ಇಲಾಖೆಗಳಿಗೆ ಅಧಿಕಾರ ಕೊಟ್ಟಿತು. ಭೂಸೇನೆ ತನ್ನ ಷರತ್ತುಗಳನ್ನು ಆರೋಗ್ಯ ಸಂವರ್ಧನೆಗೆ ಸಂಬಂಧಿಸಿದ 600-63ನೇ ನಿಯಮಾವಳಿಯಲ್ಲಿ ಬರೆದುಕೊಂಡಿತು. ಅದರಂತೆ ವಾರಕ್ಕೆ 3 ಗಂಟೆ ಮೀರದಂತೆ, 6 ತಿಂಗಳವರೆಗೆ ಬಿಡುವು. ಅದೂ ಇಡೀ ಸೇವಾವಧಿಯಲ್ಲಿ ಒಂದೇ ಸಲ. ಲೆಕ್ಕ ಹಾಕಿದರೆ ಒಟ್ಟು 80 ಗಂಟೆಯೂ ಆಗದು. ಸರ್ಕಾರ ಕೊಡುತ್ತಿರುವುದು ವ್ಯಾಯಾಮದ ಸಮಯವನ್ನಲ್ಲ, ರೂಢಿ ಹತ್ತಿಸಿಕೊಳ್ಳಲು ಬೇಕಾದಷ್ಟು ಸಮಯವನ್ನು ಮಾತ್ರ; ಮುಂದಿನದು ನೌಕರನ ಸ್ವಂತ ಹೊತ್ತಿನಲ್ಲಿ, ಅವನಿಗೆ ಮನಸ್ಸಿದ್ದರೆ.

ಸೇರುವುದು ಸ್ವಇಚ್ಛೆಯದು. ಆದರೆ ಮೇಲಧಿಕಾರಿಯ ಒಪ್ಪಿಗೆ ಬೇಕು, ಆರಂಭದಲ್ಲಿ ಆರೋಗ್ಯ ತಪಾಸಣೆಯೂ ಆಗಬೇಕು. ನಡಿಗೆ, ಓಟ, ಈಜು, ಭಾರ ಎತ್ತುವಿಕೆಯಂಥವನ್ನು ಹೆಚ್ಚಾಗಿ ನೆಲೆಯ ಜಿಮ್‌ನಲ್ಲೋ ಮೈದಾನದಲ್ಲೋ ಮಾಡಲಾಗುತ್ತದೆ. ಬಳಸದೆ ಉಳಿದ ಗಂಟೆಗಳನ್ನು ಮುಂದಿನ ವಾರಕ್ಕೆ ಕೂಡಿಡುವಂತಿಲ್ಲ. ವ್ಯಾಯಾಮದ ಸ್ಥಳ ಮತ್ತು ವೇಳೆಯನ್ನು ಮೊದಲೇ ಬರೆದಿಡಬೇಕು; ಅದು ಬರೀ ಕಡತದ ಶಿಸ್ತಲ್ಲ. ಓಡುವಾಗ ಕಾಲು ಉಳುಕಿದರೆ ಅದು ಕೆಲಸದ ವೇಳೆಯ ಗಾಯವೇ, 1916ರ ಕೇಂದ್ರ ನೌಕರರ ಪರಿಹಾರ ಕಾಯ್ದೆಯಡಿ ಅದಕ್ಕೆ ಹಣ ಸಿಗುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ; ಆಗ ಆ ದಾಖಲೆಯೇ ಆಧಾರ.

ಕಾರ್ಯಕ್ರಮದ ದುರ್ಬಲ ಕೊಂಡಿ ಮೇಲಧಿಕಾರಿಯ ಒಪ್ಪಿಗೆ. ಕೆಲಸಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಬಿಡುವು ಎಂಬ ಷರತ್ತು ಮೇಜಿನ ಮುಂದೆ ಕೂರುವವರಿಗೆ ಹಗುರ. ಪಾಳಿಯಲ್ಲಿ ನಿಂತು ದುಡಿಯುವ ಡಿಪೋ ಕಾರ್ಮಿಕನಿಗೆ ಬಲು ಭಾರ. ಒಬ್ಬ ವೆಲ್ಡರ್ ಒಂದು ಗಂಟೆ ಎದ್ದುಹೋದರೆ ಸಾಲಿನ ಕೆಲಸವೇ ನಿಲ್ಲಬಹುದು.

ಸೇನಾ ನೆಲೆಗಳ ನಾಗರಿಕ ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿಯ ಸಂಗತಿ ಬೇರೆ. ಅವರಿಗೆ ದೈಹಿಕ ಸಾಮರ್ಥ್ಯ ಹುದ್ದೆಯ ಅರ್ಹತೆಗೇ ಸೇರಿದ್ದು, ಹೀಗೆ ಅನುಮತಿ ಕೇಳಿ ಪಡೆಯುವ ಬಿಡುವಿನ ವಿಷಯವಲ್ಲ.