ಹರಕೆಯ ಕೂಸು, ಒತ್ತೆಯ ಕೂಸು

ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ 1990ರಲ್ಲಿ ಆರಂಭವಾದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಭಗವಾನ್ ಗಿದ್ವಾನಿ ಅವರು 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ ಅದಕ್ಕೆ ಆಧಾರ. ಸಂಜಯ್ ಖಾನ್ ಟಿಪ್ಪುವಿನ ಪಾತ್ರ ವಹಿಸಿದ್ದರು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ಪ್ರಾಣ ಕಳೆದುಕೊಂಡ ದುರಂತವನ್ನೂ ಈ ಧಾರಾವಾಹಿಯ ಹೆಸರಿನೊಡನೆಯೇ ನಾವು ನೆನೆಯಬೇಕಾಗುತ್ತದೆ. ಪ್ರಸಾರ ಮುಂದುವರಿದಂತೆ ವಿವಾದವೂ ಬೆಳೆಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ, ಇದು ಚರಿತ್ರೆಯಲ್ಲ, ಕಾದಂಬರಿಯೊಂದರ ನಾಟಕರೂಪ ಎಂಬ ಸೂಚನೆಯೊಂದಿಗೆ ಕಂತುಗಳು ಪ್ರಸಾರವಾದವು.

ಟಿಪ್ಪುವಿನ ಆಳ್ವಿಕೆಯ ಬಗೆಗಿನ ವಾದವಿವಾದ ಇಲ್ಲಿನ ವಿಷಯವಲ್ಲ. ನಾನು ಕೇಳಹೊರಟಿರುವುದು ಚಿಕ್ಕ ಪ್ರಶ್ನೆ. ಆ ಸೂಚನೆಯನ್ನು ಓದಿಯೂ ಜನರು ಟೀವಿಯ ಮುಂದಿನಿಂದ ಏಳಲಿಲ್ಲವಲ್ಲ, ಏಕೆ? ಯುದ್ಧಗಳಿಗಾಗಿ ಮಾತ್ರ ಇರಲಾರದು. ಪರದೆಯ ಮೇಲೆ ಒಂದು ಮನೆಯಿತ್ತು. ಗದರುವ ತಂದೆ, ಹರಕೆ ಹೊತ್ತ ತಾಯಿ, ತಂದೆಯ ಮೆಚ್ಚುಗೆಗಾಗಿ ಹಂಬಲಿಸುವ ಮಗ ಅಲ್ಲಿದ್ದರು. ಕೆಲವೇ ವರ್ಷಗಳ ಹಿಂದೆ ‘ರಾಮಾಯಣ’ದಲ್ಲಿ ಸೀತೆಯಾಗಿದ್ದ ದೀಪಿಕಾ ಚಿಖಲಿಯಾ ಇಲ್ಲಿ ಟಿಪ್ಪುವಿನ ತಾಯಿಯಾಗಿದ್ದರು. ಆ ತಾಯಿ ಎಂಥವಳೆಂದು ವೀಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದರೆ ನಾವು ನೋಡಿದ್ದು ಚರಿತ್ರೆಯ ಪೋಷಾಕು ತೊಟ್ಟ ಅಡಗೂಲಜ್ಜಿಯ ಕಥೆಯನ್ನು.

ಅಡಗೂಲಜ್ಜಿಯ ಕಥೆಯಲ್ಲಿ ಪಾತ್ರಗಳ ಉದ್ದೇಶ ಸರಳವಾಗಿರುತ್ತದೆ. ಮಲತಾಯಿಗೆ ಮತ್ಸರ, ತಮ್ಮನಿಗೆ ಅಣ್ಣನ ಮೇಲೆ ಪ್ರಾಣ, ರಾಜನಿಗೆ ಮಗುವಿನ ಆಸೆ. ಚರಿತ್ರೆಯಲ್ಲಿ ಹಾಗಲ್ಲ. ಅಲ್ಲಿ ಒಂದೇ ಕೆಲಸದಲ್ಲಿ ಪ್ರೀತಿ, ಲೆಕ್ಕ, ಭಯ, ಅಭಿಮಾನ ಎಲ್ಲವೂ ಸೇರಿರುತ್ತವೆ. ಈ ವ್ಯತ್ಯಾಸವನ್ನು ತಿಳಿಯಲು ದೇವನಹಳ್ಳಿಗಿಂತ ಒಳ್ಳೆಯ ಜಾಗ ಸಿಗಲಾರದು. ಟಿಪ್ಪು ಹುಟ್ಟಿದ ಊರು ಅದು. ಕೋಟೆಯ ಸಮೀಪದಲ್ಲಿ ಕಲ್ಲುಕಂಬಗಳ ಒಂದು ಪುಟ್ಟ ಮಂಟಪ, ಅದರಲ್ಲೊಂದು ಬರಹದ ಕಲ್ಲು, ಇಷ್ಟೇ ಅವನ ಜನ್ಮಸ್ಥಳದ ಗುರುತು. ಆದರೆ ಊರಿನ ಕಥೆ ಟಿಪ್ಪುವಿನಿಂದ ಆರಂಭವಾಗುವುದಿಲ್ಲ. ಅದು ಆರಂಭವಾಗುವುದು ಒಬ್ಬ ಹುಡುಗಿಯಿಂದ.

ದೇವನಹಳ್ಳಿಯ ಉತ್ತರಕ್ಕೆ ಬಳ್ಳಾರಿ ರಸ್ತೆಯಲ್ಲಿ ಆವತಿ ಎಂಬ ಗ್ರಾಮವಿದೆ. ಆವತಿ ನಾಡಪ್ರಭುಗಳ ಮೂಲಸ್ಥಾನವದು. ಅವರ ವಂಶದ ಐತಿಹ್ಯವನ್ನು ಬಿ.ಎಲ್. ರೈಸ್ ಅವರ ಗೆಜೆಟಿಯರಿನಲ್ಲಿಯೂ ಕಾಣಬಹುದು. ಕಂಚಿಯ ಕಡೆಯ ಸೀಮೆಯಲ್ಲಿ ಏಳು ಮಂದಿ ಅಣ್ಣತಮ್ಮಂದಿರು, ಹಿರಿಯವನು ರಣಭೈರೇಗೌಡ, ಅವನಿಗೆ ದೊಡ್ಡಮ್ಮ ಎಂಬ ಮಗಳು. ಆ ಸೀಮೆಯ ಬಲಾಢ್ಯ ನಾಯಕನೊಬ್ಬ ಹೆಣ್ಣು ಕೇಳಿದ. ಕೊಡಲು ಮನಸ್ಸಿಲ್ಲ, ಎದುರಿಸಲು ಶಕ್ತಿಯಿಲ್ಲ. ಏಳೂ ಮಂದಿ ರಾತ್ರೋರಾತ್ರಿ ಬಂಡಿ ಕಟ್ಟಿದರು. ಬೆನ್ನಟ್ಟಿ ಬಂದವರು ಹಿಂದೆ, ತುಂಬಿದ ಪಾಲಾರ್ ಹೊಳೆ ಮುಂದೆ. ದೊಡ್ಡಮ್ಮ ತನ್ನ ಕಿವಿಯ ಓಲೆಯನ್ನು ಗಂಗಮ್ಮನಿಗೆ ಅರ್ಪಿಸಿದಳು. ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು. ಹಾಗೆ ಬಂದವರು ನಂದಿಯ ಸೀಮೆಯ ಬೆಟ್ಟದ ತಪ್ಪಲಿನಲ್ಲಿ ಬಂಡಿ ಬಿಟ್ಟು ಆವತಿಯಲ್ಲಿ ನೆಲೆನಿಂತರು. ಇದೇ ಮನೆತನದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಯಲಹಂಕದ ಕೆಂಪೇಗೌಡರ ವಂಶವೂ ಇದೇ ಬುಡದಿಂದ ಒಡೆದ ಕವಲು.

ಕಥೆಯಾಗಿ ಕೇಳಿದರೆ ಇದು ತಂದೆಯ ಪ್ರೀತಿ. ಮಗಳಿಗಾಗಿ ಒಬ್ಬ ತಂದೆ ಊರು, ಹೊಲ, ಮನೆ ಎಲ್ಲವನ್ನೂ ಬಿಟ್ಟ. ಆದರೆ ಐತಿಹ್ಯವೇ ಇನ್ನೊಂದು ಮಾತನ್ನೂ ಹೇಳುತ್ತದೆ. ಹೆಣ್ಣು ಕೇಳಿದವನನ್ನು ಅವರು ತಮಗಿಂತ ಕೀಳು ಕುಲದವನೆಂದು ಎಣಿಸಿದ್ದರು. ಪ್ರೀತಿಯ ಜೊತೆಗೆ ಕುಲದ ಅಭಿಮಾನವೂ ಆ ಬಂಡಿಯಲ್ಲಿ ಕುಳಿತಿತ್ತು. ಇರಲಿ. ನಾವು ಗಮನಿಸಬೇಕಾದದ್ದು ಇಷ್ಟು: ಬಲಶಾಲಿಯೊಬ್ಬ ಕೈಚಾಚಿದಾಗ ಕೂಸನ್ನು ಕೊಡದೆ ಹೊರಟವರು ಈ ಊರಿನ ಮೂಲಪುರುಷರು. ಮುಂದಿನ ಕಾಲದಲ್ಲಿ ಹಾಗೆ ಹೊರಡುವ ದಾರಿ ಎಲ್ಲರಿಗೂ ಸಿಗಲಿಲ್ಲ.

ಈಗ ನೆರೆಯ ದೊಡ್ಡಬಳ್ಳಾಪುರಕ್ಕೆ ಬನ್ನಿ. ಕಾಲ, ಹದಿನೆಂಟನೆಯ ಶತಮಾನದ ಮೊದಲರ್ಧ. ಶಿರಾದ ಸುಬೇದಾರರ ಬಳಿ ಸೇವೆಯಲ್ಲಿದ್ದ ಫತೇ ಮಹಮ್ಮದ್ ಎಂಬ ದಳಪತಿ ಯುದ್ಧದಲ್ಲಿ ಮಡಿದ. ಹೆಂಡತಿ, ಇಬ್ಬರು ಗಂಡುಮಕ್ಕಳು ದೊಡ್ಡಬಳ್ಳಾಪುರದಲ್ಲಿದ್ದರು. ಹಿರಿಯವನು ಶಹಬಾಜ್, ಒಂಬತ್ತರ ಹರೆಯ. ಕಿರಿಯವನು ಹೈದರ್, ಏಳು. ದೊಡ್ಡಬಳ್ಳಾಪುರ ಆಗ ಅಬ್ಬಾಸ್ ಕುಲಿಖಾನನ ಜಹಗೀರು. ಸತ್ತವನು ಹಣ ಬಾಕಿ ಉಳಿಸಿಕೊಂಡಿದ್ದಾನೆಂದು ಅವನು ಮನೆಯನ್ನು ದೋಚಿದ. ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದು ಮುಂದೆ ದಕ್ಷಿಣ ಭಾರತದ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿರುವಂತೆ, ಮಕ್ಕಳನ್ನು ನಗಾರಿಯೊಳಗೆ ಕೂರಿಸಿ, ಚರ್ಮ ಬಿಗಿದು, ಮೇಲೆ ಬಾರಿಸಿ ಹಿಂಸಿಸಲಾಯಿತು. ತಾಯಿ ಹಣ ಕಕ್ಕಲಿ ಎಂಬುದೇ ಉದ್ದೇಶ. ಎಲ್ಲವನ್ನೂ ಕಳೆದುಕೊಂಡ ಆಕೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಲ್ಲಿದ್ದ ತನ್ನ ಅಣ್ಣ ಇಬ್ರಾಹಿಂ ಸಾಹೇಬನ ಆಶ್ರಯಕ್ಕೆ ಬಂದಳು.

ನಗಾರಿಯೊಳಗಿನ ಬಾಲಕರು! ಯಾವ ಧಾರಾವಾಹಿಯ ಬರಹಗಾರನೂ ಇಂಥ ದೃಶ್ಯವನ್ನು ಬಿಡಲಾರ. ಕಿವಿಯಲ್ಲಿ ಆ ಸದ್ದು ತುಂಬಿಕೊಂಡ ಹುಡುಗ ಮುಂದೆ ಸೇಡು ತೀರಿಸಿಕೊಂಡ ಎಂದು ಕಥೆ ಕಟ್ಟಬಹುದು. ಸೇಡಿಗೆ ಆಧಾರವೂ ಇದೆ. 1761ರಲ್ಲಿ ಹೈದರ್ ದೊಡ್ಡಬಳ್ಳಾಪುರವನ್ನು ಹಿಡಿದಾಗ ಅಬ್ಬಾಸ್ ಕುಲಿಖಾನ್ ಓಡಿಹೋದ. 1769ರಲ್ಲಿ ಹೈದರನ ಸೈನ್ಯ ಮದರಾಸಿನ ಬಾಗಿಲಿಗೆ ಬಂದಾಗ, ಅಲ್ಲಿ ತಲೆಮರೆಸಿಕೊಂಡಿದ್ದ ಅವನು ಹೆದರಿ ಹಡಗು ಹತ್ತಿದ, ಹೈದರ್ ಘಟ್ಟದ ಮೇಲೆ ಹೋದನೆಂದು ಖಚಿತವಾಗುವವರೆಗೆ ದಡಕ್ಕೆ ಇಳಿಯಲಿಲ್ಲ ಎಂದು ವಿಲ್ಕ್ಸ್ ಬರೆಯುತ್ತಾನೆ.

ಆದರೆ ಈ ಎರಡು ಘಟನೆಗಳ ಮುಂಚಿನ ವರ್ಷಗಳನ್ನು ನೋಡಿ. 1749ರಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯ ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಶಹಬಾಜ್ ಆ ಸೈನ್ಯದಲ್ಲಿದ್ದ. ಅಣ್ಣನ ಜೊತೆ ಹೈದರನೂ ಸ್ವಯಂಸೇವಕನಾಗಿ ಬಂದ. ಅವನ ಧೈರ್ಯವನ್ನು ಮೆಚ್ಚಿ ನಂಜರಾಜಯ್ಯ 50 ಕುದುರೆ, 200 ಕಾಲಾಳುಗಳ ನಾಯಕತ್ವ ಕೊಟ್ಟ. ಗೆದ್ದ ಕೋಟೆಯ ಒಂದು ಬಾಗಿಲಿನ ಕಾವಲನ್ನೂ ಒಪ್ಪಿಸಿದ. ಹೈದರನ ಏಳಿಗೆಯ ಮೊದಲ ಮೆಟ್ಟಿಲು ಇದು. ಇಲ್ಲಿ ಅವನನ್ನು ಕರೆತಂದದ್ದು ಸೇಡಲ್ಲ, ಹೊಟ್ಟೆಪಾಡು. ಜಹಗೀರು ಕಳೆದುಕೊಂಡ ಮನೆಯ ಮಕ್ಕಳಿಗೆ ಕುದುರೆ ಮತ್ತು ಕತ್ತಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಆ ದಾರಿ ತೆರೆದದ್ದು ಸೋದರಮಾವ, ಅಣ್ಣ ಎಂಬ ನಂಟು. 1761ರ ದೊಡ್ಡಬಳ್ಳಾಪುರದ ಗೆಲುವಿಗೂ ಲೆಕ್ಕವಿತ್ತು. ನಿಜಾಮನ ಸೋದರ ಬಸಾಲತ್ ಜಂಗನಿಗೆ ಹಣ ಒಪ್ಪಿ, ಶಿರಾ ಸುಬೆಯ ಹಕ್ಕನ್ನು ಪಡೆದು, ಹೊಸಕೋಟೆ, ದೊಡ್ಡಬಳ್ಳಾಪುರ, ಶಿರಾಗಳನ್ನು ಸಾಲಾಗಿ ಹಿಡಿದ ದಂಡಯಾತ್ರೆ ಅದು. ಸೇಡು ಇರಲಿಲ್ಲವೆಂದಲ್ಲ. ಕಂದಾಯ ತರುವ ಸೀಮೆಯಲ್ಲೇ ಹಳೆಯ ವೈರಿಯೂ ಇದ್ದ.

ಮುತ್ತಿಗೆಯಾದ ಮರುವರ್ಷ, 1750ರ ನವೆಂಬರ್ 20ರಂದು, ದೇವನಹಳ್ಳಿಯಲ್ಲಿ ಹೈದರನ ಹೆಂಡತಿ ಫಾತಿಮಾ ಫಕ್ರುನ್ನೀಸಾ ಗಂಡುಮಗುವನ್ನು ಹೆತ್ತಳು. ಆಕೆ ಕಡಪದ ಕೋಟೆಯ ಅಧಿಕಾರಿಯಾಗಿದ್ದ ಮೀರ್ ಮುಯೀನುದ್ದೀನನ ಮಗಳು. ಮಗುವಿಗಾಗಿ ದಂಪತಿಗಳು ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ದರ್ಗಾದಲ್ಲಿ ಬೇಡಿಕೊಂಡಿದ್ದರು. ಆ ಸಂತನ ಹೆಸರನ್ನೇ ಇಟ್ಟರು. ಯುದ್ಧದಲ್ಲಿ ಮಡಿದ ಅಜ್ಜನ ನೆನಪಿಗೆ ಫತೇ ಅಲಿ ಎಂಬ ಹೆಸರೂ ಸೇರಿತು. ಒಂದು ಕೂಸಿನ ಎರಡು ಹೆಸರುಗಳಲ್ಲಿ ಒಂದು ಹರಕೆ, ಇನ್ನೊಂದು ಗಾಯ.

ಧಾರಾವಾಹಿ ಹರಕೆಯ ಹೆಸರನ್ನು ಹಿಡಿದು ಹೊರಟಿತು. ನಾವು ಮತ್ತೊಂದು ಎಳೆಯನ್ನು ಹಿಡಿಯೋಣ. ಟಿಪ್ಪುವಿಗೆ ಹತ್ತು ವರ್ಷ ತುಂಬುವ ಮೊದಲೇ, 1760ರ ಆಗಸ್ಟಿನಲ್ಲಿ, ಹೈದರನಿಂದಲೇ ಮೇಲೆ ಬಂದ ಖಂಡೇರಾಯ ಶ್ರೀರಂಗಪಟ್ಟಣದಲ್ಲಿ ಅವನ ಮೇಲೆ ತಿರುಗಿಬಿದ್ದ. ಹೈದರ್ ರಾತ್ರಿ ಹೊಳೆ ದಾಟಿ ಬೆಂಗಳೂರಿಗೆ ಪಾರಾದ. ಆದರೆ ಹೆಂಡತಿ ಮಕ್ಕಳನ್ನು ವೈರಿಯ ಕೈಯಲ್ಲಿ ಬಿಟ್ಟು ಹೋಗಬೇಕಾಯಿತು. ಖಂಡೇರಾಯ ಅವರನ್ನು ಹಿಂಸಿಸಲಿಲ್ಲ. ಹಿಂಸಿಸದಿದ್ದರೂ ಆ ಕೂಸು ಒತ್ತೆಯೇ. ಮರುವರ್ಷ ಹೈದರ್ ಗೆದ್ದು ಬಂದಾಗ, ಖಂಡೇರಾಯನಿಗೆ ಕರುಣೆ ತೋರಬೇಕೆಂದು ಅರಮನೆಯವರು ಕೇಳಿಕೊಂಡರಂತೆ. ‘ಗಿಣಿಯ ಹಾಗೆ ಸಾಕುತ್ತೇನೆ’ ಎಂದು ಮಾತು ಕೊಟ್ಟ ಹೈದರ್, ಅವನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಡಿಸಿದನೆಂಬುದು ಪ್ರಸಿದ್ಧ ಕಥೆ. ನಮ್ಮ ಅಜ್ಜಿಕಥೆಗಳಲ್ಲಿ ಏಳು ಸಮುದ್ರದಾಚೆಯ ಗಿಣಿಯಲ್ಲಿ ರಾಕ್ಷಸನ ಪ್ರಾಣವಿರುತ್ತದೆ. ಇಲ್ಲಿ ಗಿಣಿ ಎಂಬ ಮುದ್ದಿನ ಮಾತೇ ಶಿಕ್ಷೆಯಾಯಿತು.

ಕಾಲ ಮುಂದೆ ಸರಿಯಿತು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಕಾರ್ನ್‌ವಾಲಿಸನ ಸೈನ್ಯ ದೇವನಹಳ್ಳಿಯನ್ನು ಹಿಡಿಯಿತು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ. ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಕೊಡುವವರೆಗೆ ಇಬ್ಬರು ಮಕ್ಕಳು ಒತ್ತೆಯಾಗಿರಬೇಕು. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಬಾಲಕರನ್ನು ಫೆಬ್ರವರಿ 26ರಂದು ಇಂಗ್ಲಿಷರ ಶಿಬಿರಕ್ಕೆ ಕಳುಹಿಸಲಾಯಿತು. ಈ ಬೆಳಿಗ್ಗೆಯವರೆಗೆ ಇವರು ಸುಲ್ತಾನನ ಮಕ್ಕಳು, ಇನ್ನು ತಾವೇ ಇವರಿಗೆ ತಂದೆ ಎಂಬ ಅರ್ಥದ ಮಾತನ್ನು ಸುಲ್ತಾನನ ವಕೀಲ ಕಾರ್ನ್‌ವಾಲಿಸನಿಗೆ ಹೇಳಿದ. ಅವನು ಮಕ್ಕಳನ್ನು ಅಪ್ಪಿಕೊಂಡು ಒಬ್ಬೊಬ್ಬರಿಗೂ ಚಿನ್ನದ ಗಡಿಯಾರ ಕೊಟ್ಟ.

ಈ ದೃಶ್ಯವನ್ನು ರಾಬರ್ಟ್ ಹೋಮ್, ಮ್ಯಾದರ್ ಬ್ರೌನ್ ಮೊದಲಾದ ಚಿತ್ರಕಾರರು ದೊಡ್ಡ ದೊಡ್ಡ ಚಿತ್ರಗಳಾಗಿ ಬರೆದರು. ಇಂಗ್ಲೆಂಡಿನ ಜನ ಅವನ್ನೂ ಅವುಗಳ ಅಚ್ಚುಪ್ರತಿಗಳನ್ನೂ ಆಸಕ್ತಿಯಿಂದ ನೋಡಿದರು. ಟೀವಿ ಬರುವುದಕ್ಕೆ ಬಹಳ ಮೊದಲೇ ಇದೂ ಒಂದು ಧಾರಾವಾಹಿ ಎನ್ನಿ. ಅಲ್ಲಿಯೂ ಮನೆಯ ನಂಟೇ ಬಂಡವಾಳ. ಆ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ವಾತ್ಸಲ್ಯ ತುಂಬಿದ ತಂದೆಯಂತೆ ಕಾಣುತ್ತಾನೆ. ಬಾಕಿ ವಸೂಲಿಗೆ ಮಕ್ಕಳನ್ನು ಹಿಡಿದಿಟ್ಟುಕೊಂಡವನಂತೆ ಕಾಣುವುದಿಲ್ಲ. ನಗಾರಿಯ ಕಥೆಯನ್ನು ಇಲ್ಲಿ ನೆನಪಿಸಿಕೊಳ್ಳಿ. ದೊಡ್ಡಬಳ್ಳಾಪುರದಲ್ಲಿ ಅಪ್ಪನ ಬಾಕಿಗಾಗಿ ಹಿಡಿದ ಮಕ್ಕಳಿಗೆ ಹಿಂಸೆ ಸಿಕ್ಕಿತು. ಶ್ರೀರಂಗಪಟ್ಟಣದಲ್ಲಿ ಅಪ್ಪನ ಬಾಕಿಗಾಗಿ ಹಿಡಿದ ಮಕ್ಕಳಿಗೆ ಗಡಿಯಾರ ಸಿಕ್ಕಿತು. ನಡತೆಯಲ್ಲಿ ಅಜಗಜಾಂತರವಿದೆ, ನಿಜ. ಆದರೆ ಮಗುವನ್ನು ಅಡವಾಗಿ ಕಾಣುವ ಲೆಕ್ಕ ಎರಡು ಕಡೆಯೂ ಒಂದೇ. ಒಂದೇ ಮನೆತನದ ಮೂರು ತಲೆಮಾರುಗಳು, ಹೈದರ್, ಟಿಪ್ಪು, ಟಿಪ್ಪುವಿನ ಮಕ್ಕಳು, ಹಾಲುಗಲ್ಲದ ವಯಸ್ಸಿನಲ್ಲಿ ಇದನ್ನು ಅನುಭವಿಸಿದವು.

ಆ ಮಕ್ಕಳನ್ನು ತಂದೆಗೆ ಹಿಂದಿರುಗಿಸಿದ್ದು 1794ರ ಮಾರ್ಚಿನಲ್ಲಿ. ಎಲ್ಲಿ ಗೊತ್ತೇ? ಇದೇ ದೇವನಹಳ್ಳಿಯಲ್ಲಿ. ಟಿಪ್ಪು ತಾನು ಹುಟ್ಟಿದ ಊರಿನಲ್ಲಿ ಬೀಡುಬಿಟ್ಟಿದ್ದ. ಕ್ಯಾಪ್ಟನ್ ಡವ್‌ಟನ್ ಮದರಾಸಿನಿಂದ ಮಕ್ಕಳನ್ನು ಕರೆತಂದ. ಎರಡು ವರ್ಷದ ಮೇಲೆ ಕಂಡ ತಂದೆಯ ಪಾದಕ್ಕೆ ಅವರು ತಲೆಬಾಗಿದರು. ಅವನು ಅವರ ಕೊರಳನ್ನು ಮುಟ್ಟಿ, ಮಾತಿಲ್ಲದೆ ಕುಳಿತುಕೊಳ್ಳುವಂತೆ ಸನ್ನೆ ಮಾಡಿದ ಎಂದು ವಿಲ್ಕ್ಸ್ ಬರೆದಿದ್ದಾನೆ. ಅವನ ದೃಷ್ಟಿಯಲ್ಲಿ ಅದು ಕಲ್ಲೆದೆ. ಧಾರಾವಾಹಿಯ ಬರಹಗಾರನಾದರೆ ಅಲ್ಲೊಂದು ಅಪ್ಪುಗೆ, ಕಣ್ಣೀರು, ಹಿನ್ನೆಲೆ ಸಂಗೀತ ಸೇರಿಸದೆ ಇರಲಾರ. ನಾವೇನು ತಿಳಿಯಬೇಕು? ಪಕ್ಕದಲ್ಲಿ ಗೆದ್ದವರ ಅಧಿಕಾರಿ ನಿಂತು ನೋಡುತ್ತಿದ್ದಾನೆ. ಕಳೆದುಕೊಂಡ ರಾಜ್ಯವೂ ಕೊಟ್ಟ ಹಣವೂ ಕಣ್ಣ ಮುಂದಿದೆ. ಒಂಬತ್ತರ ಹರೆಯದಲ್ಲಿ ತಾನೇ ಒತ್ತೆಯಾಗಿದ್ದ ತಂದೆ, ಒತ್ತೆಯಿಂದ ಮರಳಿದ ಮಕ್ಕಳನ್ನು ಅಂಥವರೆದುರು ಅಪ್ಪಿಕೊಂಡು ಅಳುತ್ತಾನೆಯೇ? ಆ ಮೌನ ಕಲ್ಲೆದೆಯೂ ಆಗಿರಬಹುದು, ತಡೆದ ಕಣ್ಣೀರೂ ಆಗಿರಬಹುದು. ಚರಿತ್ರೆ ನಮಗೆ ಕೈಯ ಚಲನೆಯನ್ನು ಮಾತ್ರ ಕೊಡುತ್ತದೆ, ಒಳಗಿನದನ್ನು ಕೊಡುವುದಿಲ್ಲ.

ಹಾಗಾದರೆ ಕಿರುತೆರೆಯ ಕಥೆ ಸುಳ್ಳು, ಅದನ್ನು ನೋಡಬಾರದು ಎಂದು ನಾನು ಹೇಳುತ್ತಿಲ್ಲ. ಕಥೆಯಿಲ್ಲದಿದ್ದರೆ ದೊಡ್ಡಮ್ಮನ ಓಲೆಯೂ ಆರ್ಕಾಟಿನ ಹರಕೆಯೂ ನಮಗೆ ದಕ್ಕುತ್ತಿರಲಿಲ್ಲ. ಕಥೆ ನಮ್ಮನ್ನು ಆ ಮನೆಯ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಹೋದ ಮೇಲೆ ಎರಡು ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬೇಕು. ಈ ಪಾತ್ರ ಹೀಗೆ ಮಾಡಿದ್ದಕ್ಕೆ ಕಥೆ ಹೇಳುವ ಒಂದು ಕಾರಣವಲ್ಲದೆ ಬೇರೆ ಕಾರಣಗಳಿದ್ದವೇ? ಮತ್ತು, ಈ ಕಥೆಯನ್ನು ಹೇಳುತ್ತಿರುವವನ ಉದ್ದೇಶವೇನು? ವಿಲ್ಕ್ಸ್ ಕಂಪನಿಯ ಅಧಿಕಾರಿ, ಹೋಮ್ ಕಂಪನಿಯ ಸೈನ್ಯದ ಜೊತೆ ಬಂದ ಚಿತ್ರಕಾರ, ಗಿದ್ವಾನಿ ಕಾದಂಬರಿಕಾರ. ಮೂವರೂ ಒಂದೇ ಮನೆಯನ್ನು ಮೂರು ಕಿಟಕಿಗಳಿಂದ ತೋರಿಸಿದರು.

ಮುಂದಿನ ಸಲ ನಂದಿಬೆಟ್ಟಕ್ಕೆ ಹೊರಟಾಗ ದೇವನಹಳ್ಳಿಯಲ್ಲಿ ಅರ್ಧ ಗಂಟೆ ಇಳಿಯಿರಿ. ಕೋಟೆಯ ಬಾಗಿಲಲ್ಲಿ ನಿಂತಾಗ ಇಲ್ಲಿ ನಡೆದ ಯುದ್ಧಗಳು ಹೇಗೂ ನೆನಪಾಗುತ್ತವೆ. ಅವುಗಳ ಜೊತೆಗೆ, ಮದರಾಸಿನಿಂದ ಮರಳಿ ಬಂದು, ತಂದೆ ತೋರಿಸಿದ ಜಾಗದಲ್ಲಿ ಸುಮ್ಮನೆ ಕುಳಿತ ಆ ಇಬ್ಬರು ಬಾಲಕರನ್ನೂ ನೆನೆಯಿರಿ.