ರಕ್ತ ಕ್ಯಾನ್ಸರ್ ಸಂಶೋಧನೆ ಮತ್ತು ಜೀವಕೋಶಗಳ ಶೀತಸಂಗ್ರಹ

ಶೀತಸಂಗ್ರಹ: ರೋಗಿಯ ರಕ್ತ ಅಥವಾ ಅಸ್ಥಿಮಜ್ಜೆಯ ಕೋಶಗಳನ್ನು ಜೀವ ಹೋಗದಂತೆ ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಕಾಪಿಡುವ ವಿಧಾನ. ಒಂದೊಂದು ಕೋಶದ ಜೀನ್ ಚಟುವಟಿಕೆಯನ್ನು ಬೇರೆಬೇರೆಯಾಗಿ ಓದುವ ಏಕಕೋಶ ಸಂಶೋಧನೆಗೆ ರಕ್ತ ಕ್ಯಾನ್ಸರಿನಲ್ಲಿ ದೊಡ್ಡ ಆಸರೆ ಇಂಥ ಸಂಗ್ರಹಗಳೇ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜನ ಈ ವಿದ್ಯೆಯನ್ನು ಕಂಡಿರುವುದು ದನದ ದವಾಖಾನೆಯಲ್ಲಿ. ಎಮ್ಮೆ ಬೆದೆಗೆ ಬಂದಾಗ ನೈಟ್ರೋಜನ್ ಕ್ಯಾನಿನ ಮುಚ್ಚಳ ತೆಗೆಯುತ್ತಾರೆ, ಬಿಳಿ ಹೊಗೆ ಉಕ್ಕುತ್ತದೆ, ಇಕ್ಕಳದಲ್ಲಿ ಎತ್ತಿದ ವೀರ್ಯದ ಸಣ್ಣ ಸ್ಟ್ರಾವನ್ನು ಬೆಚ್ಚಗಿನ ನೀರಿಗೆ ಬಿಡುತ್ತಾರೆ. ಕೋಶವನ್ನು ಮಲಗಿಸಿ ಮತ್ತೆ ಎಬ್ಬಿಸುವ ತತ್ತ್ವ ಎರಡು ಕಡೆಯೂ ಒಂದೇ. ಇತಿಹಾಸದಲ್ಲಿಯೂ ಪಶುಸಂಗೋಪನೆಯೇ ಮೊದಲು.

1949ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಕ್ರಿಸ್ಟೋಫರ್ ಪೋಲ್ಜ್, ಆಡ್ರಿ ಸ್ಮಿತ್, ಅಲನ್ ಪಾರ್ಕ್ಸ್ ಅವರು ಗ್ಲಿಸರಾಲ್ ಬೆರೆಸಿದರೆ ಹುಂಜದ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಬದುಕುತ್ತವೆ ಎಂದು ತೋರಿಸಿದರು. ಅವರು ಪರೀಕ್ಷಿಸಲು ಹೊರಟದ್ದು ಸಕ್ಕರೆಯ ದ್ರಾವಣವನ್ನು. ಸೀಸೆಗಳು ಅದಲುಬದಲಾಗಿ ಗ್ಲಿಸರಾಲ್ ಕೈಗೆ ಬಂದಿತ್ತು. ಆರು ವರ್ಷಗಳ ಬಳಿಕ, 1955ರಲ್ಲಿ, ಬಾರ್ನ್ಸ್ ಮತ್ತು ಲೌಟಿಟ್ ಇದೇ ಕ್ರಮದಲ್ಲಿ ಇಲಿಯ ರಕ್ತ ಹುಟ್ಟಿಸುವ ಕೋಶಗಳನ್ನು ಕಾಪಿಟ್ಟರು. ವಿಕಿರಣದಿಂದ ಸಾಯಬೇಕಿದ್ದ ಇಲಿಗಳನ್ನು ಆ ಕೋಶಗಳು ಉಳಿಸಿದವು. 1959ರಲ್ಲಿ ಜೇಮ್ಸ್ ಲವ್‌ಲಾಕ್ ಮತ್ತು ಬಿಷಪ್, ಕೋಶದೊಳಕ್ಕೆ ಬೇಗ ಇಳಿಯುವ ಡೈಮೀಥೈಲ್ ಸಲ್ಫಾಕ್ಸೈಡ್ ಅನ್ನು ಬಳಕೆಗೆ ತಂದರು. ಇಂದಿಗೂ ರಕ್ತಕೋಶಗಳ ಸಂಗ್ರಹದಲ್ಲಿ ಹೆಚ್ಚಾಗಿ ಬಳಸುವುದು ಇದನ್ನೇ, ಸಾಮಾನ್ಯವಾಗಿ ಶೇ. 10ರಷ್ಟು.

ತಂಪಿನ ವೇಗದ ಗುಟ್ಟನ್ನು ಬಿಡಿಸಿದವರು ಅಮೆರಿಕದ ಪೀಟರ್ ಮೇಝರ್. ತೀರ ಬೇಗ ತಂಪಾದರೆ ಕೋಶದೊಳಗೇ ಮಂಜಿನ ಹರಳು ಕಟ್ಟಿ ಪೊರೆ ಸೀಳುತ್ತದೆ. ತೀರ ನಿಧಾನವಾದರೆ ನೀರೆಲ್ಲ ಹೊರಗೆ ಹೋಗಿ ಉಪ್ಪಿನಂಶ ಏರಿ ಕೋಶ ಸೊರಗುತ್ತದೆ. ರಕ್ತಕೋಶಗಳಿಗೆ ಹೊಂದುವುದು ನಿಮಿಷಕ್ಕೆ ಸುಮಾರು 1 ಡಿಗ್ರಿ ಇಳಿಕೆ. ಹೆಪ್ಪುಗಟ್ಟಿಸುವ ಈ ಜ್ಞಾನವೇ ಹೈನುಗಾರಿಕೆಯ ಮೂಲಕ ಕರ್ನಾಟಕಕ್ಕೂ ಬಂತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಘನೀಕೃತ ವೀರ್ಯದ ಉತ್ಪಾದನೆ ಮತ್ತು ತರಬೇತಿಯ ಕೇಂದ್ರ ಆರಂಭವಾಯಿತು.

ಮನುಷ್ಯನ ಮಾದರಿಯ ಕೆಲಸ ಇನ್ನಷ್ಟು ನಾಜೂಕು. ಸೊಂಟದ ಎಲುಬಿನಿಂದ ಸೂಜಿಯಲ್ಲಿ ಎಳೆದ ಮಜ್ಜೆಯನ್ನು ಸಾಂದ್ರ ದ್ರಾವಣದ ಮೇಲೆ ಮೆಲ್ಲಗೆ ಹರಿಯಬಿಟ್ಟು ಯಂತ್ರದಲ್ಲಿ ತಿರುಗಿಸುತ್ತಾರೆ. ಕೆಂಪುಕಣಗಳು ತಳಕ್ಕೆ ಇಳಿಯುತ್ತವೆ, ನಡುವೆ ಮಸುಕು ಬಿಳಿಯ ತೆಳು ಪದರವೊಂದು ನಿಲ್ಲುತ್ತದೆ. ಬೇಕಾದ ಕೋಶಗಳು ಆ ಪದರದಲ್ಲಿವೆ. ಈ ಕ್ರಮವನ್ನು 1968ರಲ್ಲಿ ರೂಪಿಸಿದವರು ನಾರ್ವೆಯ ಆರ್ನೆ ಬೊಯುಮ್. ಪದರವನ್ನು ಹೀರಿ, ತೊಳೆದು, ಬಾಟಲಿಗೆ ತುಂಬಿ −80 ಡಿಗ್ರಿಗೆ, ಅಲ್ಲಿಂದ ದ್ರವ ನೈಟ್ರೋಜನ್ನಿಗೆ. ದ್ರವದಲ್ಲಿ ಮುಳುಗಿಸುವುದಕ್ಕಿಂತ ಅದರ ಆವಿಯಲ್ಲಿ ಇಡುವುದು ಲೇಸೆಂಬ ಎಚ್ಚರ ಮೂಡಿದ್ದು 1995ರಲ್ಲಿ. ಲಂಡನ್ನಿನಲ್ಲಿ ಸೋರಿದ ಚೀಲವೊಂದರಿಂದ ನೈಟ್ರೋಜನ್ ತೊಟ್ಟಿಯ ಮೂಲಕ ಹೆಪಟೈಟಿಸ್ ಬಿ ಬೇರೆ ರೋಗಿಗಳಿಗೆ ತಗುಲಿದ್ದು ಆ ವರ್ಷ ವರದಿಯಾಗಿತ್ತು.

ಏಕಕೋಶದ ಯುಗ ಶುರುವಾದದ್ದು 2009ರಲ್ಲಿ, ಇಲಿಯ ಭ್ರೂಣದ ಒಂದೇ ಒಂದು ಕೋಶದಲ್ಲಿ ಜೀನ್ ಚಟುವಟಿಕೆಯ ಗುರುತಾದ ಆರ್‌ಎನ್‌ಎ ಓದಿದಾಗ. 2015ರಲ್ಲಿ ಎಣ್ಣೆಯೊಳಗಿನ ಹನಿಗೊಂದು ಕೋಶವನ್ನು ಸೆರೆಹಿಡಿದು ಸಾವಿರಾರು ಕೋಶಗಳನ್ನು ಒಟ್ಟಿಗೆ ಓದುವ ದಾರಿ ತೆರೆಯಿತು. ಅದಕ್ಕೆ ಮೊದಲು ಸಿಗುತ್ತಿದ್ದುದು ಇಡೀ ಮಾದರಿಯ ಸರಾಸರಿ. ಔಷಧಕ್ಕೆ ಬಗ್ಗದೆ ಉಳಿದು ರೋಗವನ್ನು ಮರುಕಳಿಸುವ ಬೆರಳೆಣಿಕೆಯ ಕೋಶಗಳು ಆ ಸರಾಸರಿಯಲ್ಲಿ ಕಾಣುತ್ತಲೇ ಇರಲಿಲ್ಲ. ಶೀತಸಂಗ್ರಹಕ್ಕೆ ಬೆಲೆ ಬಂದದ್ದು ಇಲ್ಲಿಯೇ. ರೋಗ ಪತ್ತೆಯಾದ ದಿನದ ಮಜ್ಜೆಯನ್ನೂ ಎರಡು ವರ್ಷದ ನಂತರ ಮರುಕಳಿಸಿದಾಗಿನ ಮಜ್ಜೆಯನ್ನೂ ಒಂದೇ ದಿನ, ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಓದಬಹುದು. 2017ರಲ್ಲಿ ಝೆಂಗ್ ಮತ್ತು ಸಂಗಡಿಗರು ತಾಜಾ ಮತ್ತು ಹೆಪ್ಪುಗಟ್ಟಿಸಿದ ರಕ್ತಕೋಶಗಳ ಜೀನ್ ಚಟುವಟಿಕೆಯ ಚಿತ್ರ ಬಹಳ ಹತ್ತಿರವೆಂದು ತೋರಿಸಿದರು. ಮಜ್ಜೆಯ ಕಸಿಗೆ ಒಳಗಾದ ಲ್ಯುಕೇಮಿಯಾ ರೋಗಿಗಳ ಹೆಪ್ಪುಗಟ್ಟಿದ ಮಾದರಿಗಳಲ್ಲಿ ದಾನಿಯ ಕೋಶ ಯಾವುದು, ರೋಗಿಯದು ಯಾವುದೆಂದು ವಿಂಗಡಿಸಿದರು.

ಆದರೂ ಕರಗಿಸಿದ ಮಾದರಿಯನ್ನು ಪೂರ್ತಿ ನಂಬುವಂತಿಲ್ಲ. ಬಿಳಿ ರಕ್ತಕಣಗಳ ಬಗೆಯಾದ ನ್ಯೂಟ್ರೋಫಿಲ್‌ಗಳು ಈ ತಂಪನ್ನು ತಾಳುವುದಿಲ್ಲ. ಮೈಲೋಮಾ ಎಂಬ ರಕ್ತ ಕ್ಯಾನ್ಸರಿನ ಪ್ಲಾಸ್ಮಾ ಕೋಶಗಳೂ ಬಹಳಷ್ಟು ಸಾಯುತ್ತವೆ. ಸತ್ತ ಕೋಶಗಳಿಂದ ಸೋರಿದ ಆರ್‌ಎನ್‌ಎ ಜೀವಂತ ಕೋಶಗಳ ಲೆಕ್ಕದಲ್ಲಿ ಬೆರೆತುಹೋಗುತ್ತದೆ. ಇಷ್ಟನ್ನು ಹೇಳದ ಪ್ರಬಂಧವನ್ನು ಎಚ್ಚರದಿಂದ ಓದಬೇಕು.

ಕರ್ನಾಟಕದಲ್ಲಿ ರಕ್ತ ಕ್ಯಾನ್ಸರಿನ ಚಿಕಿತ್ಸೆಗೆ ಬಹುಕಾಲ ದೊಡ್ಡ ಸರ್ಕಾರಿ ಆಸರೆಯಾಗಿರುವುದು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಜೀನೋಮ್ ಇಂಡಿಯಾ ಯೋಜನೆಗಾಗಿ ದೇಶದ ನಾನಾ ಸಮುದಾಯಗಳಿಂದ ಪಡೆದ ಸುಮಾರು 20,000 ರಕ್ತದ ಮಾದರಿಗಳು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದಲ್ಲಿವೆ. ಅದು ಕ್ಯಾನ್ಸರ್ ಸಂಗ್ರಹವಲ್ಲ, ಆದರೆ ಅಷ್ಟು ದೊಡ್ಡ ಭಂಡಾರವನ್ನು ಇಲ್ಲಿ ನಡೆಸಬಹುದೆಂಬುದಕ್ಕೆ ಸಾಕ್ಷಿ.

ಗೋಕಾಕದಿಂದ ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚು ದೂರ. ಮಜ್ಜೆಯನ್ನು ತೆಗೆದ ದಿನವೇ ಸಂಸ್ಕರಿಸದಿದ್ದರೆ ಕೋಶಗಳು ಕೆಡತೊಡಗುತ್ತವೆ, ಜೀನ್‌ಗಳ ಚಟುವಟಿಕೆಯೂ ಬದಲಾಗುತ್ತದೆ. ಚಿಕಿತ್ಸೆಗೆ ಮೊದಲಿನ ಮಾದರಿ ಒಮ್ಮೆ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಮೂಡಲಗಿಯ ಅಥವಾ ಹುಕ್ಕೇರಿಯ ರೋಗಿಯೂ ಈ ಸಂಶೋಧನೆಯ ಲೆಕ್ಕಕ್ಕೆ ಸೇರಬೇಕಾದರೆ ಹೆಪ್ಪುಗಟ್ಟಿಸುವ ಕೆಲಸ ಬೆಳಗಾವಿ, ಹುಬ್ಬಳ್ಳಿಗಳಲ್ಲೇ ನಡೆಯಬೇಕು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಸಂಸ್ಥೆ ಹಳೆಯದು. −80 ಡಿಗ್ರಿಯ ಫ್ರೀಜರಿಗೆ ಎಡೆಬಿಡದ ಕರೆಂಟು ಬೇಕು. ನೈಟ್ರೋಜನ್ ತೊಟ್ಟಿಗೆ ಬೇಕಾದದ್ದು ತಪ್ಪದೆ ತುಂಬುವ ಕೈ ಮಾತ್ರ, ಹಾಲಿನ ಸಂಘಗಳ ಊರುಗಳಿಗೆ ಆ ಅಭ್ಯಾಸ ಹೊಸದಲ್ಲ.

ಮಾದರಿಯನ್ನು ಇಡಲು ರೋಗಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿ ಜೈವಿಕ ಮಾದರಿಗಳ ಭಂಡಾರಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ರೋಗಿಗಿದೆ. ಗಡಿಭಾಗದ ಈ ತಾಲೂಕುಗಳಲ್ಲಿ ಆ ಪತ್ರ ಕನ್ನಡದ ಜೊತೆಗೆ ಮರಾಠಿ, ಉರ್ದುಗಳಲ್ಲಿಯೂ ಸಿದ್ಧವಿರಬೇಕಾಗುತ್ತದೆ.